ಐಸ್ ಬಂಧನ, ಬಾಂಡ್, ಹೇಬಿಯಸ್: ವಕೀಲೆಯನ್ನು ಕೇಳಿ

ನಮಸ್ಕಾರ. ನಾನು ಹಾಸನದ ಕಡೆಯವಳು. ಅಮೆರಿಕದ ದಕ್ಷಿಣದ ಒಂದು ರಾಜ್ಯದಲ್ಲಿ ಸೇವಾ ಸಂಸ್ಥೆಯೊಂದರ ವಕೀಲೆ. ಐಸ್, ಅಂದರೆ ಇಲ್ಲಿನ ವಲಸೆ ಜಾರಿ ಸಂಸ್ಥೆ, ಹಿಡಿದಿಟ್ಟವರ ಪರವಾಗಿ ಫೆಡರಲ್ ಕೋರ್ಟಿನಲ್ಲಿ ಹೇಬಿಯಸ್ ಅರ್ಜಿ, ಅಂದರೆ ಈ ಬಂಧನ ಕಾನೂನಿನ ಪ್ರಕಾರ ಸರಿಯಾ ಅಂತ ಪ್ರಶ್ನಿಸುವ ಅರ್ಜಿ, ಹಾಕುವುದು ನನ್ನ ಕೆಲಸ. ಈ ಗುಂಪಿನ ಅಡ್ಮಿನ್ ಹೇಳಿದ್ದಕ್ಕೆ ಇವತ್ತು ಸಂಜೆ ಕೂತಿದ್ದೇನೆ. ಕೇಳಿ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಅಕ್ಕಾ, ನನ್ನ ರೂಮ್‌ಮೇಟ್‌ನ ತಮ್ಮನನ್ನು ಮೊನ್ನೆ ಐಸ್‌ನವರು ಹಿಡ್ಕೊಂಡು ಹೋಗಿದ್ದಾರೆ. ಸ್ಟೂಡೆಂಟ್ ವೀಸಾದಲ್ಲಿ ಬಂದಿದ್ದ, ಓದು ಬಿಟ್ಟು ಎರಡು ವರ್ಷ ಆಯ್ತು. ಬೇರೆ ಯಾವ ಕೇಸೂ ಇಲ್ಲ. ಹೇಬಿಯಸ್ ಹಾಕಿದ್ರೆ ಇಲ್ಲೇ ಉಳೀಬಹುದಾ?

ಉತ್ತರ: ಉಳಿಯೋದು ಬೇರೆ, ಹೊರಗೆ ಬರೋದು ಬೇರೆ. ದೇಶದಲ್ಲಿ ಇರಬಹುದಾ ಅಂತ ತೀರ್ಮಾನಿಸುವುದು ಇಮಿಗ್ರೇಷನ್ ಕೋರ್ಟ್. ಹೆಸರು ಕೋರ್ಟ್ ಅಂತಿದ್ದರೂ ಅದು ನ್ಯಾಯ ಇಲಾಖೆಯ ಕೈಕೆಳಗಿನದು. ಅಲ್ಲಿನ ಜಡ್ಜ್ ಇಲಾಖೆಯ ನೌಕರರೇ. ಹೇಬಿಯಸ್ ಅರ್ಜಿ ಹೋಗುವುದು ಫೆಡರಲ್ ಜಿಲ್ಲಾ ಕೋರ್ಟಿಗೆ. ಅಲ್ಲಿ ನಾನು ಕೇಳುವುದು ಒಂದೇ: ಆ ಕೇಸು ಮುಗಿಯುವ ತನಕ ಈ ಮನುಷ್ಯನನ್ನು ಯಾವ ಕಾನೂನಿನ ಮೇಲೆ ಕೂಡಿಹಾಕಿದ್ದೀರಿ? ಗೆದ್ದರೆ ಅವನು ಮನೆಗೆ ಬರುತ್ತಾನೆ. ಗಡೀಪಾರು ಕೇಸು ಅದರ ಪಾಡಿಗೆ ನಡೆಯುತ್ತಲೇ ಇರುತ್ತದೆ.

ಆದರೆ ನಿಮ್ಮ ಹುಡುಗ ಮೊದಲು ಹೋಗಬೇಕಾದದ್ದು ಹೇಬಿಯಸ್‌ಗೆ ಅಲ್ಲ, ಬಾಂಡ್‌ಗೆ, ಅಂದರೆ ದುಡ್ಡು ಕಟ್ಟಿ ಹೊರಗೆ ಬರುವ ಜಾಮೀನಿಗೆ. ವೀಸಾದಲ್ಲಿ ಬಂದು ಅವಧಿ ಮೀರಿದವರು, ಕ್ರಿಮಿನಲ್ ಕೇಸು ಇಲ್ಲದಿದ್ದರೆ, ಸಾಮಾನ್ಯವಾಗಿ ಇಮಿಗ್ರೇಷನ್ ಜಡ್ಜ್ ಹತ್ತಿರ ಬಾಂಡ್ ಕೇಳಬಹುದು. ಕನಿಷ್ಠ 1,500 ಡಾಲರ್, ಮೇಲಕ್ಕೆ ಮಿತಿ ಇಲ್ಲ. ಕ್ರಿಮಿನಲ್ ಕೋರ್ಟಿನ ಹಾಗೆ ಹತ್ತು ಪರ್ಸೆಂಟ್ ಕಟ್ಟಿ ಬರೋಕೆ ಆಗಲ್ಲ, ಪೂರ್ತಿ ಕಟ್ಟಬೇಕು. ಎಲ್ಲ ವಿಚಾರಣೆಗೂ ಹಾಜರಾದರೆ ಕೇಸು ಮುಗಿದ ಮೇಲೆ ವಾಪಸ್ ಬರುತ್ತದೆ. ಓಡಿಹೋಗಲ್ಲ, ಯಾರಿಗೂ ಅಪಾಯ ಇಲ್ಲ ಅಂತ ತೋರಿಸುವ ಹೊಣೆ ಅವನದೇ. ಅವನು ಬಂದು ಉಳಿಯುವ ಮನೆಯ ಬಾಡಿಗೆ ಕರಾರು, ಅಣ್ಣನ ಪತ್ರ, ಬ್ಯಾಂಕ್ ಕಾಗದ, ಕಾಲೇಜಿನ ದಾಖಲೆ ಇವತ್ತೇ ಒಟ್ಟು ಮಾಡಿ. ಮತ್ತೆ, ವಕೀಲರು ನೋಡುವ ತನಕ ಒಳಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ ಅಂತ ಹೇಳಿ. ಸ್ವಇಚ್ಛೆಯಿಂದ ಹೊರಡುತ್ತೇನೆ ಅನ್ನುವ ಕಾಗದವೂ ಅದರಲ್ಲಿ ಇರಬಹುದು.

ಪ್ರಶ್ನೆ (ಡಲ್ಲಾಸ್‌ನಿಂದ): ಹಾಗಾದರೆ ಹೇಬಿಯಸ್ ಯಾರಿಗೆ ಮೇಡಂ?

ಉತ್ತರ: ಈಗ ನನ್ನ ಮೇಜಿನ ಮೇಲೆ ಜಾಸ್ತಿ ಇರುವುದು ಗಡಿ ದಾಟಿ ಬಂದವರ ಕೇಸು. ಹತ್ತು ಹದಿನೈದು ವರ್ಷದಿಂದ ಇಲ್ಲೇ ದುಡಿದು, ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವವರು. ಮೊದಲು ಇವರಿಗೂ ಬಾಂಡ್ ಸಿಗುತ್ತಿತ್ತು. ಸೆಪ್ಟೆಂಬರ್ 2025ರಲ್ಲಿ ಇಮಿಗ್ರೇಷನ್ ಮೇಲ್ಮನವಿ ಮಂಡಳಿ, ತಪಾಸಣೆ ಇಲ್ಲದೆ ಒಳಗೆ ಬಂದವರಿಗೆ ಬಾಂಡ್ ಕೊಡುವ ಅಧಿಕಾರವೇ ಇಮಿಗ್ರೇಷನ್ ಜಡ್ಜ್‌ಗಳಿಗೆ ಇಲ್ಲ ಅಂದುಬಿಟ್ಟಿತು. ನಿನ್ನೆ ಗಡಿ ದಾಟಿದವನಿಗೂ ಇಪ್ಪತ್ತು ವರ್ಷದಿಂದ ಇರುವವನಿಗೂ ಒಂದೇ ಲೆಕ್ಕ! ಆಮೇಲೆ ನಮಗೆ ಉಳಿದ ಬಾಗಿಲು ಫೆಡರಲ್ ಕೋರ್ಟ್ ಒಂದೇ. ನೂರಾರು ಕೇಸುಗಳಲ್ಲಿ ಜಿಲ್ಲಾ ಜಡ್ಜ್‌ಗಳು ಆ ವ್ಯಾಖ್ಯಾನ ತಪ್ಪು ಅಂದಿದ್ದಾರೆ. ಎಲ್ಲರೂ ಅಲ್ಲ. ಯಾವ ರಾಜ್ಯದಲ್ಲಿ ಹಿಡಿದಿಟ್ಟಿದ್ದಾರೆ ಅನ್ನುವುದರ ಮೇಲೆ ಹಣೆಬರಹ ನಿಂತಿದೆ.

ಇನ್ನೊಂದು ತಮಾಷೆ ನೋಡಿ. ಇಮಿಗ್ರೇಷನ್ ಜಡ್ಜ್ ಬಾಂಡ್ ಕೊಟ್ಟರೂ ಸರ್ಕಾರಿ ವಕೀಲರು ಇಒಐಆರ್-43 ಅನ್ನುವ ಒಂದು ಫಾರಂ ಹಾಕಿದರೆ ಬಿಡುಗಡೆ ತನ್ನಷ್ಟಕ್ಕೆ ನಿಂತುಹೋಗುತ್ತದೆ. ಯಾಕೆ ತಡೆಯಬೇಕು ಅಂತ ಜಡ್ಜ್ ಮುಂದೆ ವಾದ ಮಾಡಬೇಕಾಗಿಲ್ಲ. ಮನೆಯವರು ಕಾರು ತಗೊಂಡು ಗೇಟಿನ ಹೊರಗೆ ಕಾದು ವಾಪಸ್ ಹೋದದ್ದನ್ನು ನೋಡಿದ್ದೇನೆ. ಅಂಥ ಕಡೆಯೂ ಹೇಬಿಯಸ್ಸೇ.

ಮೂರನೆಯದು ಹಳೇ ದಾರಿ. ಗಡೀಪಾರು ಆದೇಶ ಆಗಿದೆ, ಆದರೆ ಯಾವ ದೇಶವೂ ಕರೆದುಕೊಳ್ಳುತ್ತಿಲ್ಲ. ಜಾಡ್ವಿಡಾಸ್ ಅನ್ನುವವರ ಕೇಸಿನಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಆರು ತಿಂಗಳ ಅಳತೆ ಇಟ್ಟಿತು. ಆತ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು, ತಂದೆ ತಾಯಿ ಲಿಥುವೇನಿಯಾದವರು. ಎರಡೂ ದೇಶ ನಮ್ಮವರಲ್ಲ ಅಂದಿದ್ದವು. ಆರು ತಿಂಗಳು ಕಳೆದು, ಸದ್ಯಕ್ಕೆ ಕಳಿಸುವ ಸಾಧ್ಯತೆ ಕಾಣದಿದ್ದರೆ ಬಿಡಬೇಕು ಅನ್ನುವುದು ತೀರ್ಪಿನ ಸಾರ. ಭಾರತದವರಿಗೆ ಈ ವಾದ ಕಷ್ಟ. ನಮ್ಮ ಕಾನ್ಸುಲೇಟ್ ಪ್ರಯಾಣದ ಕಾಗದ ಕೊಟ್ಟರೆ ಮುಗೀತು.

ಪ್ರಶ್ನೆ (ಶಿಕಾಗೋದಿಂದ): ಹಿಡಿದ ತಕ್ಷಣ ಬೇರೆ ರಾಜ್ಯಕ್ಕೆ ಸಾಗಿಸ್ತಾರಂತೆ, ನಿಜವಾ?

ಉತ್ತರ: ನಿಜ. ನನ್ನ ಕೆಲಸದಲ್ಲಿ ನಿದ್ದೆಗೆಡಿಸುವುದು ಇದೇ. ಹೇಬಿಯಸ್ ಕಾರ್ಪಸ್ ಅಂದರೆ ದೇಹವನ್ನು ಹಾಜರುಪಡಿಸಿ ಅಂತ ಅಲ್ವಾ? ಹಾಗಾಗಿ ದೇಹ ಎಲ್ಲಿದೆಯೋ ಆ ಜಿಲ್ಲೆಯಲ್ಲೇ ಅರ್ಜಿ ಹಾಕಬೇಕು. ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ರುಮೇಸಾ ಓಜ್ಟುರ್ಕ್ ಅವರನ್ನು 2025ರ ಮಾರ್ಚ್ 25ರ ಸಂಜೆ ಬಾಸ್ಟನ್ ಪಕ್ಕದ ಬೀದಿಯಲ್ಲಿ ಹಿಡಿದರು. ವಕೀಲೆ ಅದೇ ರಾತ್ರಿ ಬಾಸ್ಟನ್ ಕೋರ್ಟಿಗೆ ಅರ್ಜಿ ಹಾಕಿದರು. ಅಷ್ಟರಲ್ಲಿ ಅವರನ್ನು ವರ್ಮಾಂಟ್‌ಗೆ ಒಯ್ದಾಗಿತ್ತು. ಮರುದಿನ ಲೂಸಿಯಾನಾಗೆ ವಿಮಾನ. ರಾತ್ರಿ ಹಾಕಿದ ಆ ಅರ್ಜಿ ಇದ್ದುದರಿಂದ ಬಾಸ್ಟನ್ ಕೋರ್ಟ್ ಅದನ್ನು ವರ್ಮಾಂಟ್‌ಗೆ ವರ್ಗಾಯಿಸಿತು, ಕೇಸು ಅಲ್ಲಿ ನಿಂತಿತು. ಮೇ 9ಕ್ಕೆ ಬಿಡುಗಡೆ ಆಯಿತು.

ಅದಕ್ಕೇ ನಾವು ಅರ್ಜಿಯ ಜೊತೆಗೇ ಇನ್ನೊಂದು ಬೇಡಿಕೆ ಇಡುತ್ತೇವೆ: ತೀರ್ಮಾನ ಆಗುವ ತನಕ ಈ ಜಿಲ್ಲೆ ಬಿಟ್ಟು ಸಾಗಿಸಕೂಡದು. ಕೋರ್ಟ್ ಶುಲ್ಕ ಬರೀ 5 ಡಾಲರ್. ಇಷ್ಟು ದೊಡ್ಡ ಅರ್ಜಿಗೆ ಒಂದು ಕಾಫಿಯ ದುಡ್ಡು!

ಒಂದು ಸಲ ಗುಜರಾತಿನ ಹುಡುಗನೊಬ್ಬ ಒಳಗಿನಿಂದ ಫೋನ್ ಮಾಡಿದ. ನನ್ನದು ಹಾಸನದ ಹಿಂದಿ, ಅವನದು ಮೆಹ್ಸಾಣಾದ ಹಿಂದಿ. ಎ-ನಂಬರ್, ಅಂದರೆ ವಲಸೆ ಇಲಾಖೆ ಕೊಟ್ಟ ಗುರುತಿನ ಸಂಖ್ಯೆ, ಹೇಳಪ್ಪಾ ಅಂದೆ. ಕೈಪಟ್ಟಿ ನೋಡಿ ಒಂದೊಂದೇ ಅಂಕಿ ಓದಿದ. ಹಿಂದೆ ಟೀವಿ ಕಿರುಚುತ್ತಿತ್ತು. ಸಾತ್ ಅಂದದ್ದು ನನಗೆ ಆಠ್ ಅಂತ ಕೇಳಿಸಿತು. ಆ ನಂಬರ್ ಹಾಕಿದರೆ ಐಸ್‌ನ ಹುಡುಕು ಪುಟದಲ್ಲಿ ಯಾರೂ ಇಲ್ಲ. ಸಾಗಿಸಿಬಿಟ್ಟರು ಅಂತ ಮೂರು ಗಂಟೆ ಕಂಡಕಂಡ ಕೇಂದ್ರಗಳಿಗೆಲ್ಲ ಫೋನ್ ಮಾಡಿದೆ. ಅವನು ಅಲ್ಲೇ ಇದ್ದ. ಆವತ್ತಿನಿಂದ ನಂಬರನ್ನು ಎರಡು ಸಲ ಹೇಳಿಸುತ್ತೇನೆ, ಎರಡನೇ ಸಲ ಹಿಂದಿನಿಂದ ಮುಂದಕ್ಕೆ.

ಪ್ರಶ್ನೆ (ಸಿಯಾಟಲ್‌ನಿಂದ): ಬೇಜಾರಾಗಬೇಡಿ. ನಾವೆಲ್ಲ ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾಯ್ತಿದ್ದೀವಿ. ಕಾನೂನು ಮುರಿದವರ ಪರ ಯಾಕೆ ನಿಲ್ಲಬೇಕು?

ಉತ್ತರ: ಬೇಜಾರಿಲ್ಲ, ನಮ್ಮ ಭಾವನೂ ಇದನ್ನೇ ಕೇಳುತ್ತಾರೆ. ವಲಸೆ ಬಂಧನ ಶಿಕ್ಷೆ ಅಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಸಿವಿಲ್. ಕೊಲೆ ಆರೋಪಿಗೆ ದುಡ್ಡಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ವೀಸಾ ಮುಗಿದವನಿಗೆ ಕೊಡಲ್ಲ. ಕಳ್ಳನಿಗೆ ಇಂತಿಷ್ಟು ತಿಂಗಳು ಅಂತ ಗೊತ್ತಿರುತ್ತದೆ. ಇವರಿಗೆ ಯಾವತ್ತು ಹೊರಗೆ ಅಂತ ಯಾರೂ ಹೇಳಲ್ಲ. ನಿಮ್ಮ ಹಾಗೆ ಕಾಗದ ಸರಿಯಿದ್ದವರೂ ಸಿಕ್ಕಿಬಿದ್ದಿದ್ದಾರೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕ ಬದರ್ ಖಾನ್ ಸೂರಿ ಭಾರತದವರು, ವೀಸಾದಲ್ಲೇ ಇದ್ದವರು. 2025ರ ಮಾರ್ಚ್‌ನಲ್ಲಿ ವರ್ಜೀನಿಯಾದಲ್ಲಿ ಹಿಡಿದು ಟೆಕ್ಸಾಸ್ ತನಕ ಒಯ್ದರು. ಹೊರಗೆ ಬಂದದ್ದು ಮೇ 14ಕ್ಕೆ, ಹೇಬಿಯಸ್ ಅರ್ಜಿಯಿಂದಲೇ.

ಪ್ರಶ್ನೆ (ಬೆಂಗಳೂರಿನಿಂದ): ಮೇಡಂ, ನಾನು ಎಲ್‌ಎಲ್‌ಬಿ ಕೊನೇ ವರ್ಷ. ಈ ಕೆಲಸಕ್ಕೆ ಬರೋದು ಹೇಗೆ?

ಉತ್ತರ: ನಾನು ಇಲ್ಲಿ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆದೆ. ಇಮಿಗ್ರೇಷನ್ ಕೋರ್ಟಿಗೆ ಯಾವ ರಾಜ್ಯದ ಲೈಸೆನ್ಸ್ ಆದರೂ ನಡೆಯುತ್ತದೆ. ಫೆಡರಲ್ ಜಿಲ್ಲಾ ಕೋರ್ಟಿಗೆ ಮಾತ್ರ ಜಿಲ್ಲೆ ಜಿಲ್ಲೆಗೂ ಬೇರೆ ಅನುಮತಿ ಬೇಕು. ಸಂಬಳದ ಬಗ್ಗೆ ಕೇಳಲೇಬೇಡ, ಐಟಿಯಲ್ಲಿರುವ ನನ್ನ ತಂಗಿ ನಗುತ್ತಾಳೆ. ಆದರೆ ಇದಕ್ಕಾಗಿ ಅಮೆರಿಕಕ್ಕೇ ಬರಬೇಕು ಅಂತಿಲ್ಲಮ್ಮಾ. ನೆಲಮಂಗಲ ತಾಲ್ಲೂಕಿನ ಸೊಂಡೇಕೊಪ್ಪದಲ್ಲೂ ವಿದೇಶಿಯರನ್ನು ಇಡುವ ಕೇಂದ್ರ ಇದೆ. ಸಂವಿಧಾನದ 226ನೇ ವಿಧಿಯಲ್ಲಿ ನೀನು ಓದಿದ ಹೇಬಿಯಸ್ ಕಾರ್ಪಸ್ ಅಲ್ಲಿಗೂ ಅನ್ವಯಿಸುತ್ತದೆ.

ಪ್ರಶ್ನೆ (ನ್ಯೂಜೆರ್ಸಿಯಿಂದ, ಮತ್ತೆ): ಅಕ್ಕಾ, ಈಗ ಅವನೇ ಫೋನ್ ಮಾಡಿದ್ದ. ಎ-ನಂಬರ್ ಬರ್ಕೊಂಡೆ. ಇನ್ನೂ ನ್ಯೂಜೆರ್ಸಿಯಲ್ಲೇ ಇದ್ದಾನಂತೆ. ನಾಳೆ ಬೆಳಿಗ್ಗೆ ಬೇರೆ ಕಡೆ ಹೊರಡೋಕೆ ರೆಡಿ ಇರು ಅಂದ್ರಂತೆ.

ಉತ್ತರ: ಹಾಗಾದರೆ ಬೆಳಗಿನ ತನಕ ಕಾಯೋದು ಬೇಡ. ಬಾಂಡ್ ಆಮೇಲೆ ನೋಡೋಣ, ಸಾಗಿಸದ ಹಾಗೆ ಮೊದಲು ಹೇಬಿಯಸ್ ಹಾಕಬೇಕು. ನಿಮ್ಮ ಜಿಲ್ಲೆಯಲ್ಲಿ ರಾತ್ರಿಯೂ ಅರ್ಜಿ ಹಾಕುವ ವಕೀಲರೊಬ್ಬರು ನನಗೆ ಗೊತ್ತು. ಅವನ ಪರವಾಗಿ ಅಣ್ಣ ಸಹಿ ಮಾಡಬಹುದು, ಆದ್ದರಿಂದ ನಿಮ್ಮ ರೂಮ್‌ಮೇಟ್ ಪಕ್ಕದಲ್ಲೇ ಇರಲಿ. ಇನ್‌ಬಾಕ್ಸಿಗೆ ಬನ್ನಿ. ನಂಬರನ್ನು ಎರಡು ಸಲ ಬರೆದು ಕಳಿಸಿ.