ಬಾಯಿಪಾಠ ಇದ್ದ ಏಳು ‘ಬೇಡ’

ತಮ್ಮಾ, ರಾತ್ರಿ ನೀ ಗ್ರೂಪಿನ್ಯಾಗ ಹಾಕಿದ್ದು ಓದಿದೆ. ‘ಚಿಗವ್ವಾ, ದಿನಾ ಲಿಂಗಪೂಜಿ ಮಾಡ್ತೀನಿ, ಕೈ ತಾನ ಮಾಡ್ಕೋತ ಹೋಗ್ತೈತಿ, ಮನಸ್ಸು ಆಫೀಸಿನ್ಯಾಗ ಇರ್ತೈತಿ. ಸಣ್ಣಾಂವ ಇದ್ದಾಗ ಕಲತದ್ದೆಲ್ಲಾ ಸಪ್ಪಗಾಗೇತಿ, ಷಟ್‌ಸ್ಥಲದ್ದು ಯಾವುದರ ದೊಡ್ಡ ಪುಸ್ತಕ ಹೇಳು’ ಅಂತ ಕೇಳಿದಿ. ಟೈಪ್ ಮಾಡಿದ್ರ ಬೆರಳು ನೋಯ್ತಾವ ನನಗ, ಅದಕ್ಕ ಮಾತಿನ್ಯಾಗ ಹೇಳ್ತೀನಿ. ಉದ್ದ ಆಗ್ತೈತಿ, ಸಾವಕಾಶ ಕೇಳು.

ಷಟ್‌ಸ್ಥಲ ಅಂದ್ರ ಭಕ್ತ ಲಿಂಗದಾಗ ಒಂದಾಗೂ ಆರು ಮೆಟ್ಟಲು. ಭಕ್ತ, ಮಹೇಶದಿಂದ ಐಕ್ಯದ ತನಕಾ ಆರೂ ಸ್ಥಲ ಓದಪಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಬ್ಯಾಸಗ್ಯಾಗ ನನಗ ಆದದ್ದು ಮೊದಲ ಕೇಳು.

ಬಸವ ಜಯಂತ್ಯಾಗ ಹೇಳಬೇಕಂತ ಮೊಮ್ಮಗಳಿಗೆ ಬಸವಣ್ಣನ ‘ಕಳಬೇಡ, ಕೊಲಬೇಡ’ ವಚನ ಬಾಯಿಪಾಠ ಮಾಡಸಾಕತ್ತಿದ್ದೆ. ನಮಗೆಲ್ಲಾ ಮಾತು ಬಂದಾಗಿಂದ ಬರೂದು ಅದು. ಆಕಿ ಮೊದಲನೇ ಶಬ್ದದಾಗ ನಿಂತಳು. ‘ಅಜ್ಜೀ, ಕೆಳಗ ಬಿದ್ದಿದ್ದು ತೊಗೊಂಡ್ರ ಕಳವೇನು?’ ‘ಅಲ್ಲವ್ವಾ, ಬಿದ್ದಿದ್ದು ಯಾರದೂ ಅಲ್ಲ’ ಅಂದು ಮುಂದ ಸಾಗಿದೆ.

ಸಂಜೀಕ ಮರದಾಗ ಅಕ್ಕಿ ಹಸನ ಮಾಡ್ಕೋತ ಕುಂತಿದ್ದೆ. ನಾಕು ಕಾಳು ನೆಲಕ್ಕ ಚೆಲ್ಲಿದ್ವು. ಅವನ್ನ ಆಯೂ ಹೊತ್ತಿನ್ಯಾಗ ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಆಕಿ ಗಂಡ ಮಾರಯ್ಯ ಕಲ್ಯಾಣದಾಗ ಬಸವಣ್ಣನ ಅಂಗಳದಾಗ ಚೆಲ್ಲಿದ ಅಕ್ಕಿ ಆಯ್ದು ತರೂದು, ಅದ ಅವನ ಕಾಯಕ. ಒಂದಿನ ದಿನದಕಿಂತ ಜಾಸ್ತಿ ತಂದ. ಆಕಿ ‘ಈಸಕ್ಕಿಯಾಸೆ ನಿಮಗೇಕೆ’ ಅಂತ ಕೇಳಿ, ವಾಪಸ್ ಅಲ್ಲೇ ಸುರುವಿ ಬರ್ರಿ ಅಂತ ಕಳಿಸಿದಳು. ಪುರಾಣ ಪ್ರವಚನದಾಗ ಎಷ್ಟು ಸಲ ಕೇಳೇನಿ ಈ ಕಥಿ! ‘ಕಳಬೇಡ’ ಅನ್ನೂ ಮಾತಿನ ಬಾಜೂ ಇಟ್ಟು ಒಮ್ಮಿನೂ ನೋಡಿದ್ದಿಲ್ಲ. ಕಾಲಾಗ ತುಳದು ಹೋಗೂ ಅಕ್ಕಿ ಅದು, ತಮ್ಮಾ. ಯಾರೂ ಕೇಳಂಗಿಲ್ಲ. ಅದರಾಗೂ ಇವತ್ತಿನ ದಾಸೋಹಕ್ಕ ಬೇಕಾದದ್ದಕಿಂತ ಒಂದು ಮುಷ್ಟಿ ಹೆಚ್ಚಾದ್ರ ಲಕ್ಕಮ್ಮನ ಮನಸ್ಸು ಒಪ್ಪಲಿಲ್ಲ. ಮರ ತೊಡಿಮ್ಯಾಲೆ ಇಟ್ಕೊಂಡು ಹಂಗ ಕುಂತ್ಬಿಟ್ಟೆ. ಮೊಮ್ಮಗಳಿಗೆ ನಾ ತಪ್ಪು ಹೇಳಿದ್ದೆ.

ಮರುದಿನದಿಂದ ಒಂದೊಂದ ಶಬ್ದ ಹಿಡಕೊಂಡೆ. ಕೊಲಬೇಡ, ಹುಸಿಯ ನುಡಿಯಲು ಬೇಡ, ಅದರ ಬೆನ್ನಿಗೇ ಮುನಿಯಬೇಡ. ಕೊಲ್ಲೂದು, ಸಿಟ್ಟಿಗೇಳೂದು ಎರಡನ್ನೂ ಒಂದ ಸಾಲಿನ್ಯಾಗ ಕುಂದರ್ಸ್ಯಾನ ಅಪ್ಪ ಬಸವಣ್ಣ. ಅನ್ಯರಿಗೆ ಅಸಹ್ಯಪಡಬೇಡ ಅಂತೈತಿ ನೋಡು, 12ನೇ ಶತಮಾನದಾಗ ಅದನ್ನ ಬರೇ ಬಾಯಿಲೆ ಅಂದಿದ್ದಲ್ಲ. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನ ಕೊಟ್ಟು ಮದುವಿ ಆತು, ಅದಕ್ಕ ಬೀಗರಿಬ್ಬರೂ ಆನಿ ಕಾಲಿಗೆ ಕಟ್ಟಿ ಎಳಸೂ ಎಳೆಹೂಟಿ ಶಿಕ್ಷಿಗೆ ಜೀವಾ ಕೊಟ್ರು. ನಾವು ಆ ವಚನಾನ ಮಕ್ಕಳ ಪದ್ಯದಂಗ ಚಪ್ಪಾಳಿ ಹೊಡಕೋತ ಹೇಳ್ತೀವಿ.

ಇನ್ನೊಂದು ನೋಡು. ಏಳು ‘ಬೇಡ’ ಹೇಳಿ, ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ ಅಂತಾನ. ಬಹಿರಂಗಶುದ್ಧಿ ಅಂದ್ರ ಜಳಕ, ಮಡಿ ಅಂತ ತಿಳ್ಕೊಂಡಿದ್ದೆ ನಾ ಇಷ್ಟು ವರ್ಷ. ಅದರಾಗ ನೀರಿಂದು ಒಂದು ಮಾತಿಲ್ಲ, ಹೂವು, ಪತ್ರಿ, ಕರ್ಪೂರ ಏನಿಲ್ಲ. ಸಿಟ್ಟು ಬಿಟ್ಟಿದ್ದ ಜಳಕ, ಇದಿರಿನವರನ್ನ ಹಳೀದ ಇದ್ದದ್ದ ಮಡಿ. ಕೂಡಲಸಂಗಮದೇವನ್ನ ಒಲಿಸೂ ಪರಿ ಇದ ಅಂತ ಮುಗಿಸಿಬಿಡ್ತಾನ.

ಅವತ್ತ ಪೂಜಿಗೆ ಕುಂತಾಗ ಏನಾತು ಅಂದ್ರ, ಲಿಂಗ ಇಡೂ ಕರಡಿಗಿ ಬಿಚ್ಚಿ, ವಸ್ತ್ರ ಸರಿಸಿ, ಎಡಗೈಯಾಗ ಇಷ್ಟಲಿಂಗ ಇಟ್ಕೊಂಡೆ. ಲಿಂಗದ ಮ್ಯಾಲಿನ ಲೇಪ, ಕಂತಿ, ಕರ್ರಗ ಹೊಳೀತಿತ್ತು, ಅದರಾಗ ದೀಪ ಜ್ವಾಳದ ಕಾಳಷ್ಟು ಕಾಣ್ತಿತ್ತು. ನನಗ ದೀಕ್ಷಾ ಆಗಿ ಐವತ್ತು ವರ್ಷದ ಮ್ಯಾಲಾತು, ಆ ದೀಪ ದಿನಾ ಅಲ್ಲೇ ಇದ್ದಿರಬೇಕು. ಈ ಅಂಗೈಲೇ ನಾ ಹೆಚ್ಚಿಂದು ಹಿಡಕೊಂಡೇನಿ, ಈ ಅಂಗೈ ಮ್ಯಾಲೇ ಅಂವ ಬಂದು ಕುಂತಾನ ಅನಿಸಿ ಕಣ್ಣಾಗ ನೀರು ಬಂತು. ವಿಭೂತಿ ಹಚ್ಚಾಕೂ ಕೈ ಏಳಲಿಲ್ಲ ಸ್ವಲ್ಪ ಹೊತ್ತು.

ಅದಕ್ಕ ಪುಸ್ತಕ ಆಮ್ಯಾಲೆ ತರಸು. ನಾಳಿ ಪೂಜಿಗೆ ಕುಂತಾಗ ಏಳರಾಗ ಒಂದ ತೊಗೋ, ಒಂದ ಸಾಕು. ಏನನಿಸಿತು ಅಂತ ನನಗ ಫೋನ್ ಮಾಡು, ಇಲ್ಲಿ ಬರಿಯೂದು ಬ್ಯಾಡ.

ಇನ್ನ ಅಕ್ಕಾ, ನೀನೂ ಈ ಗ್ರೂಪಿನ್ಯಾಗ ಅದಿ, ಇದನ್ನ ಕೇಳ್ತಿ ಅಂತ ಗೊತ್ತೈತಿ. ನಾ ‘ಮುನಿಯಬೇಡ’ಕ್ಕ ಬಂದಾಗಿಂದ ಮುಂದಿನ ಶಬ್ದಕ್ಕ ಹೋಗಾಕ ಆಗವಲ್ದು. ಅವ್ವನ ಆ ಕೆಂಪು ಸೆರಗಿನ ಇಳಕಲ್ ಸೀರಿ ನನ್ನ ಟ್ರಂಕಿನ್ಯಾಗ ಐತಿ. ನೀ ಒಂದ ಸಲ ಕೇಳಿದ್ದಿ, ನಾ ಕೊಡಲಿಲ್ಲ, ಎರಡು ವರ್ಷ ಆತು ನಾವು ಮಾತು ಬಿಟ್ಟು. ಸೋಮವಾರ ಮುಂಜಾನಿ ಬಸ್ಸಿಗೆ ಬರ್ತೀನಿ, ಸೀರಿ ತೊಗೊಂಡ ಬರ್ತೀನಿ. ಮನ್ಯಾಗ ಇರ್ತಿ ಅಲಾ?