ಹಾಲಿನ ಕೇಸಿನ್ ಜೆಲ್‌ನಲ್ಲಿ ಮೇಲೆಯೇ ನಿಲ್ಲುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಇಲ್ಲಿನ ಹಸುವಿನ ಹಾಲನ್ನು ಪಿಎಚ್ 4.6ಕ್ಕೆ ಇಳಿಸಿ ಕೇಸಿನ್ (ಹಾಲಿನ ಮುಖ್ಯ ಪ್ರೋಟೀನ್) ತೆಗೆದು, 12% ಎಸ್‌ಡಿಎಸ್-ಪೇಜ್ ಜೆಲ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ವಿಧಾನ, ಚಿಕ್ಕವು ಹೆಚ್ಚು ಕೆಳಗೆ ಹೋಗುತ್ತವೆ) ಓಡಿಸುತ್ತಿದ್ದೇನೆ. ಬ್ಯಾಂಡ್‌ಗಳು ಚೆನ್ನಾಗೇ ಬರುತ್ತವೆ. ಜಾಗ ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ.

ಆಲ್ಫಾ ಎಸ್1 ಕೇಸಿನ್ ಸುಮಾರು 23.6 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ), ಬೀಟಾ ಸುಮಾರು 24. ನನ್ನ ಜೆಲ್‌ನಲ್ಲಿ ಎರಡೂ ಮಾರ್ಕರ್‌ನ (ತೂಕ ಗೊತ್ತಿರುವ ಪ್ರೋಟೀನ್‌ಗಳ ಮಿಶ್ರಣ) 25ಕ್ಕಿಂತ ಮೇಲಿವೆ, ಅದರಲ್ಲೂ ಚಿಕ್ಕದಾದ ಆಲ್ಫಾನೇ ಬೀಟಾಗಿಂತ ಮೇಲೆ! ಪಕ್ಕದ ಲೇನ್‌ನಲ್ಲಿ ಶುದ್ಧ ಬೀಟಾ ಹಾಕಿದ್ದೆ, ಹಾಗಾಗಿ ಯಾವುದು ಯಾವುದು ಅನ್ನುವುದರಲ್ಲಿ ಅನುಮಾನವಿಲ್ಲ.

ಹೊಸ ಮರ್ಕಾಪ್ಟೊಎಥನಾಲ್ (ಡೈಸಲ್ಫೈಡ್ ಬಂಧ ಒಡೆಯುವ ರಾಸಾಯನಿಕ) ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿದೆ, ಸ್ಯಾಂಪಲ್ ಕಮ್ಮಿ ಲೋಡ್ ಮಾಡಿದೆ, 15% ಜೆಲ್ ಕೂಡ ನೋಡಿದೆ. ಕ್ರಮ ಬದಲಾಗಲಿಲ್ಲ.

ಎಸ್‌ಡಿಎಸ್ (ಒಂದು ಡಿಟರ್ಜೆಂಟ್) 1 ಗ್ರಾಂ ಪ್ರೋಟೀನ್‌ಗೆ ಸುಮಾರು 1.4 ಗ್ರಾಂನಂತೆ ಅಂಟಿಕೊಂಡು ಎಲ್ಲಕ್ಕೂ ಒಂದೇ ಥರದ ಋಣ ಚಾರ್ಜ್ ಕೊಟ್ಟರೆ, ಆಮೇಲೆ ಗಾತ್ರದ ಮೇಲೇ ಬೇರೆಯಾಗಬೇಕು ಅಲ್ವಾ? ಆಲ್ಫಾ ಎಸ್1ನಲ್ಲಿ ಸಾಮಾನ್ಯವಾಗಿ 8 ಫಾಸ್ಫೇಟ್, ಬೀಟಾದಲ್ಲಿ 5 ಇರುತ್ತವೆ. ಫಾಸ್ಫೇಟ್ ಇರುವ ಕಡೆ ಎಸ್‌ಡಿಎಸ್ ಸರಿಯಾಗಿ ಅಂಟುತ್ತಿಲ್ಲವೇನೋ ಅನ್ನೋದು ನನ್ನ ಊಹೆ.

ಕೇಸಿನ್ ಓಡಿಸಿದವರು ಹೇಳಿ: ಇದಕ್ಕೆ ಕಾರಣ ಫಾಸ್ಫೇಟೋ, ಅಮೈನೋ ಆಮ್ಲಗಳ ಜೋಡಣೆಯೋ? ಫಾಸ್ಫಟೇಸ್ (ಫಾಸ್ಫೇಟ್ ಕಿತ್ತುಹಾಕುವ ಕಿಣ್ವ) ಹಾಕಿ ಮತ್ತೆ ಓಡಿಸಿದರೆ ಅದು ಗೊತ್ತಾಗುತ್ತದಾ?