ಸಮುದ್ರದೊಳಗಿನ ಗುಡ್ಡವನ್ನು ಎಲ್ಲಿಂದ ಅಳೆಯಬೇಕು?

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಚಿಂಚೋಳಿ): ಸರ್, ನಮಸ್ಕಾರ. ಮೊನ್ನೆ ಕ್ಲಾಸಿನಲ್ಲಿ ಕ್ವಿಜ್ ಇಟ್ಟಿದ್ದೆ. ಜಗತ್ತಿನ ಅತಿ ಎತ್ತರದ ಪರ್ವತ ಯಾವುದು ಅಂದರೆ ಒಬ್ಬ ಹುಡುಗ "ಮೌನಾ ಕೀ" ಅಂದ. ತಪ್ಪು ಅಂತ ಕೂರಿಸಿದೆ. ಸಂಜೆ ಹುಡುಕಿ ನೋಡಿದರೆ ಅವನದೂ ಸರಿ ಅನ್ನಿಸಿತು. ಸಮುದ್ರದೊಳಗೆ ನಿಜವಾಗಲೂ ಎವರೆಸ್ಟ್‌ಗಿಂತ ದೊಡ್ಡದು ಇದೆಯಾ?

ಉತ್ತರ (ನಿವೃತ್ತ ಸಾಗರ ಭೂವಿಜ್ಞಾನಿ, ಕಲಬುರಗಿ): ಅಕ್ಕೋರೆ, ಮೊದಲು ಆ ಹುಡುಗನಿಗೆ ಮಾರ್ಕ್ಸ್ ಕೊಡಿ. ಎವರೆಸ್ಟ್ 8,849 ಮೀಟರ್, ಆದರೆ ಅದು ಸಮುದ್ರ ಮಟ್ಟದಿಂದ ಹಿಡಿದ ಲೆಕ್ಕ. ಹವಾಯಿಯ ಮೌನಾ ಕೀ ನೀರಿನ ಮೇಲೆ ಕಾಣುವುದು 4,207 ಮೀಟರ್ ಮಾತ್ರ. ಇನ್ನೂ ಸುಮಾರು 6,000 ಮೀಟರ್ ನೀರಿನೊಳಗಿದೆ. ಬುಡದಿಂದ ತುದಿಗೆ 10,200 ಮೀಟರ್ ಆಸುಪಾಸು.

ಆದರೆ ಇದರ ತಲೆ ಹೊರಗಿದೆ, ಅಲ್ವಾ? ಪೂರ್ತಿ ಮುಳುಗಿರುವವು ಇಷ್ಟು ಎತ್ತರ ಇಲ್ಲ. ಅಟ್ಲಾಂಟಿಕ್‌ನ ಗ್ರೇಟ್ ಮೀಟಿಯರ್ ಅಂಥ ದೊಡ್ಡವುಗಳಲ್ಲಿ ಒಂದು. ತಳದಿಂದ ಸುಮಾರು 4,500 ಮೀಟರ್ ಎದ್ದು, ನೀರಿನ ಮೇಲ್ಮೈಗೆ ಇನ್ನು 270 ಮೀಟರ್ ಇದೆ ಅನ್ನುವಾಗ ನಿಂತುಬಿಟ್ಟಿದೆ. ಹವಾಯಿಯ ಪಕ್ಕದಲ್ಲೇ, ಮೊದಲು ಲೋಯಿಹಿ ಅಂತ ಕರೆಯುತ್ತಿದ್ದ ಜ್ವಾಲಾಮುಖಿ ಇನ್ನೂ ಬೆಳೆಯುತ್ತಿದೆ. ಅದರ ತುದಿ ನೀರಿನಿಂದ 975 ಮೀಟರ್ ಕೆಳಗೆ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಬೀದರ್): ಅಷ್ಟು ಆಳಕ್ಕೆ ಯಾರು ಇಳಿದು ಟೇಪು ಹಿಡಿದರು ಸರ್?

ಉತ್ತರ: ತಮ್ಮಾ, ಬಾವಿಯ ಆಳ ನೋಡಲು ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತೇವಲ್ಲ, ಮೊದಲು ಹಡಗಿನವರೂ ಹಾಗೇ ಮಾಡುತ್ತಿದ್ದರು. ಈಗ ಹಗ್ಗದ ಬದಲು ಶಬ್ದ ಬಿಡುತ್ತೇವೆ. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. 4,500 ಮೀಟರ್ ಆಳ ಇದ್ದರೆ ಹೋಗಿ ಬರಲು ಆರು ಸೆಕೆಂಡು. ರಾತ್ರಿ ಪಾಳಿಯಲ್ಲಿ ಪರದೆ ನೋಡುತ್ತಾ ಕೂತರೆ ಗಂಟೆಗಟ್ಟಲೆ ಸಪಾಟು ಗೆರೆ, ಕಣ್ಣು ಎಳೆಯುತ್ತದೆ. ಆಮೇಲೆ ಆರು ಇದ್ದದ್ದು ಐದಾಗುತ್ತದೆ, ನಾಲ್ಕಾಗುತ್ತದೆ. ಕೆಳಗೆ ಗುಡ್ಡ! ಚಹಾ ಅಲ್ಲೇ ಆರಿಹೋಗುತ್ತದೆ.

ಹೀಗೆ ಹಡಗಿನಿಂದ ಸರಿಯಾಗಿ ಅಳೆದದ್ದು ಸಮುದ್ರ ತಳದ ಕಾಲುಭಾಗದಷ್ಟೇ. ಉಳಿದದ್ದು ಉಪಗ್ರಹದ ಅಂದಾಜು. ದೊಡ್ಡ ಗುಡ್ಡ ತನ್ನ ಗುರುತ್ವಾಕರ್ಷಣೆಯಿಂದ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ 2,000 ಮೀಟರ್ ಗುಡ್ಡದ ಮೇಲೆ ಸಮುದ್ರ ಒಂದೆರಡು ಮೀಟರ್ ಉಬ್ಬಿರುತ್ತದೆ, ಉಪಗ್ರಹ ಅಳೆಯುವುದು ಆ ಉಬ್ಬನ್ನೇ. ಸಣ್ಣವು ಇದರಲ್ಲಿ ತಪ್ಪಿಸಿಕೊಳ್ಳುತ್ತವೆ. 2005ರಲ್ಲಿ ಪೆಸಿಫಿಕ್‌ನ ಗುವಾಮ್ ದ್ವೀಪದ ಹತ್ತಿರ ಅಮೆರಿಕದ ಒಂದು ಜಲಾಂತರ್ಗಾಮಿ, ತನ್ನ ನಕ್ಷೆಯಲ್ಲಿ ಇಲ್ಲದ ಗುಡ್ಡಕ್ಕೇ ಗುದ್ದಿತು. ಒಬ್ಬ ನಾವಿಕ ಸತ್ತ.

ಪ್ರಶ್ನೆ (ರೈತ, ಆಳಂದ): ಸಾಹೇಬ್ರೆ, ನಾವು ತೊಗರಿ ಬೆಳೆಯುವ ಮಂದಿ. ಸಮುದ್ರದ ಗುಡ್ಡಕ್ಕೂ ನಮಗೂ ಏನು ಸಂಬಂಧ?

ಉತ್ತರ: ಇದೇ ಪ್ರಶ್ನೆಗೆ ಕಾಯುತ್ತಿದ್ದೆ ನೋಡ್ರಿ! ನಿಮ್ಮ ಹೊಲದ ಎರೆಮಣ್ಣು ಯಾವುದರಿಂದ ಆಯಿತು? ಕೆಳಗಿರುವ ಕರಿಕಲ್ಲಿನಿಂದ. ಆ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದನ್ನು ಉಗುಳಿದ ಒಲೆ ನೆಲದ ಆಳದಲ್ಲಿ ಇದ್ದಲ್ಲೇ ಇತ್ತು. ನಮ್ಮ ನೆಲವೇ ಅದರ ಮೇಲಿಂದ ಉತ್ತರಕ್ಕೆ ಸರಿಯಿತು. ಹೆಂಚಿನ ಮೇಲಿನ ರೊಟ್ಟಿ ಸರಿಸಿದ ಹಾಗೆ, ಕಾವು ತಾಗುವ ಜಾಗ ಬದಲಾಗುತ್ತಾ ಹೋಯಿತು. ಆ ಸುಟ್ಟ ಗುರುತುಗಳೇ ಸಮುದ್ರದೊಳಗಿನ ಗುಡ್ಡಗಳ ಸಾಲು. ಲಕ್ಷದ್ವೀಪ, ಮಾಲ್ಡೀವ್ಸ್ ಕೂತಿರುವುದು ಅದರ ನೆತ್ತಿಯ ಮೇಲೆ, ಹವಳದ ಟೋಪಿ ಹಾಕಿಕೊಂಡು. ಈಗ ಆ ಒಲೆ ಮಡಗಾಸ್ಕರ್ ಪೂರ್ವದ ರಿಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿನ ಗುಡ್ಡ ಹೊರಗೆ 3,070 ಮೀಟರ್, ತಳದಿಂದ ಹಿಡಿದರೆ ಸುಮಾರು 7,000.

ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆಯೂ ಅದೇ ಕರಿಕಲ್ಲು ಮಳೆ ಬಿಸಿಲಿಗೆ ಕಳಿತು ಆದದ್ದು. ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿಯನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಅದು ಸುಣ್ಣದಕಲ್ಲು, ಇದಕ್ಕಿಂತ ಎಷ್ಟೋ ಹಳೆಯದು.

ಶಿಕ್ಷಕಿ: ಸರ್, ಮಾರ್ಕ್ಸ್ ಕೊಟ್ಟೆ. ಈಗ ಅವನದು ಇನ್ನೊಂದು ತಕರಾರು. ಬುಡದಿಂದ ಅಳೆಯುವುದಾದರೆ ಎವರೆಸ್ಟ್ ಬುಡ ಎಲ್ಲಿದೆ ಅಂತ ಕೇಳುತ್ತಾನೆ.

ಉತ್ತರ: ಹುಡುಗ ಹುಷಾರಿದ್ದಾನೆ. ಟಿಬೆಟ್ ಕಡೆ ನೆಲವೇ ಸುಮಾರು 5,200 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹಿಡಿದರೆ ಎವರೆಸ್ಟ್‌ಗೆ ಉಳಿಯುವುದು ಮೂರೂವರೆ ಸಾವಿರದ ಮೇಲೆ ಸ್ವಲ್ಪ. ಕ್ವಿಜ್‌ನಲ್ಲಿ ಪ್ರಶ್ನೆಯನ್ನೇ ತಿದ್ದಿಬಿಡಿ ಅಕ್ಕೋರೆ: "ಸಮುದ್ರ ಮಟ್ಟದಿಂದ" ಅಂತ ಎರಡು ಪದ ಜಾಸ್ತಿ ಬರೆಯಿರಿ.